ಟೀಚರ್ ಪಕ್ಕದ ಸ್ಟೂಲು

ಕನ್ನಡಕದ ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಬಂದ ಹೆಂಗಸನ್ನು ಅವಳು ಮೊದಲು ಗುರುತಿಸಲಿಲ್ಲ. ತಲೆ ಪೂರ್ತಿ ನೆರೆತಿತ್ತು, ಬೆನ್ನು ತುಸು ಬಾಗಿತ್ತು. ಹಳೆಯ ಫ್ರೇಮನ್ನು ಕೌಂಟರಿನ ಮೇಲಿಟ್ಟು, ಇದನ್ನು ಹಾಕಿಕೊಂಡರೆ ಅಕ್ಷರಗಳೆಲ್ಲ ಇರುವೆಯ ಹಾಗೆ ಹರಿದಾಡುತ್ತವೆ ಎಂದಾಗ ಆ ದನಿ ಅವಳ ಕಿವಿಯೊಳಗೆ ಎಲ್ಲೋ ಆಳದಲ್ಲಿದ್ದ ಬಾಗಿಲನ್ನು ತಟ್ಟಿತು. ಅಳತೆಪಟ್ಟಿ ಹಿಡಿದಿದ್ದ ಕೈ ಅಲ್ಲೇ ನಿಂತಿತು.

"ಗಿಣಿ ಅಲ್ವಾ ನೀನು?" ಎಂದರು ಆ ಹೆಂಗಸು.

ಆ ಹೆಸರಿನಿಂದ ಅವಳನ್ನು ಕರೆದವರು ಪ್ರಪಂಚದಲ್ಲಿ ಒಬ್ಬರೇ. ಪೆಪ್ಪರ್‌ಮೆಂಟ್ ಟೀಚರ್! ಅವಳು ಕೌಂಟರ್ ಬಳಸಿ ಈಚೆ ಬಂದು ಅವರ ಎರಡೂ ಕೈ ಹಿಡಿದುಕೊಂಡಳು. ಅಂಗಡಿಯ ಮಾಲೀಕ ಲೆನ್ಸು ಉಜ್ಜುವುದನ್ನು ಬಿಟ್ಟು ಇವಳಿಗೇನಾಯಿತೆಂದು ಇಣುಕಿ ನೋಡಿದ. ತನಗೆ ಓದುವುದು, ಬರೆಯುವುದು, ಮುಖ್ಯವಾಗಿ ಬಾಯಿ ಬಿಟ್ಟು ಮಾತಾಡುವುದು ಕಲಿಸಿದವರು ಇವರೇ ಎಂದು ಅವಳು ಅವನಿಗೆ ಹೇಳಿದಳು. ಮಾತಾಡುವುದನ್ನು ಕಲಿಸಿದ್ದರ ಫಲವನ್ನು ತಾನು ದಿನಾ ಅನುಭವಿಸುತ್ತಿದ್ದೇನೆ ಎಂದ ಮಾಲೀಕ, ಟೀಚರ್‌ಗೆ ಕುರ್ಚಿ ಎಳೆದು ಹಾಕಿದ.

ಅವಳ ಬಾಲ್ಯದಲ್ಲಿ ಬೆಳ್ಳಗೆ ಹೊಳೆಯುವ ಜಾಗ ಏನಾದರೂ ಇದ್ದರೆ ಅದು ಈ ಟೀಚರ್ ತರಗತಿ. ಕೊನೆಯ ಪೀರಿಯಡ್ಡಿನಲ್ಲಿ ಮಕ್ಕಳೆಲ್ಲ ಡೆಸ್ಕಿನ ಮೇಲೆ ತಲೆ ಇಟ್ಟು ಮಲಗಬೇಕು. ಒಬ್ಬರು ಮಾತ್ರ ಟೀಚರ್ ಪಕ್ಕದ ಸ್ಟೂಲಿನ ಮೇಲೆ ಕೂರಬೇಕು. ಟೀಚರ್ ಬಾಗಿ ಕಿವಿ ಕೊಡುತ್ತಿದ್ದರು. ಕತ್ತಿನಿಂದ ಪೌಡರಿನ ವಾಸನೆ ಬರುತ್ತಿತ್ತು. "ನಿಮ್ಮನೇಲಿ ಏನೇನಾಯ್ತು? ನನ್ನ ಕಿವಿಗೆ ಮಾತ್ರ ಹೇಳು," ಎನ್ನುತ್ತಿದ್ದರು. ಮಗು ಹೇಳುವಷ್ಟೂ ಹೊತ್ತು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಮಧ್ಯೆ ಬಾಯಿ ಹಾಕುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಮುಗಿದ ಮೇಲೆ ಡ್ರಾಯರಿನಿಂದ ಒಂದು ಪೆಪ್ಪರ್‌ಮೆಂಟು. ಮನೆಯಲ್ಲಿ ಅವಳ ಮಾತಿಗೆ ಸಾಕು ಬಾಯಿ ಮುಚ್ಚು ಎನ್ನುವವರೇ ಎಲ್ಲ. ಇಲ್ಲಿ ಒಬ್ಬರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಆ ವರ್ಷವೆಲ್ಲ ಸ್ಟೂಲಿನ ಸರದಿ ಬೇರೆಯವರಿಗಿಂತ ಅವಳಿಗೇ ಹೆಚ್ಚು ಬಂತು. ಗಿಣಿ ಎಂಬ ಹೆಸರು ಬಿದ್ದದ್ದು ಆಗಲೇ.

ಟೀಚರ್ ಕಣ್ಣಿನ ಪಾಪೆಗಳ ನಡುವಿನ ಅಂತರ ಅಳೆಯುವಾಗ ಅವಳು ಮಗಳ ವಿಷಯ ತೆಗೆದಳು. ಚೋಟುದ್ದ ಇದ್ದಾಗಿನಿಂದ ಚೋಟಿ ಎಂದೇ ಕರೆಯುತ್ತಿದ್ದ ಆ ಹುಡುಗಿ ಈಗ ಅದೇ ಶಾಲೆಯ ಎರಡನೇ ತರಗತಿ. ಟೀಚರ್ ಮುಗುಳ್ನಕ್ಕರು. "ಗೊತ್ತು. ಸೋಮವಾರದಿಂದ ಅವಳ ಸೆಕ್ಷನ್ ನನಗೇ ಬರುತ್ತೆ. ನಿನ್ನ ಕಣ್ಣೇ ಅವಳಿಗೆ."

ಆ ಸಂಜೆ ಊಟಕ್ಕೆ ಕುಳಿತಾಗ ಅವಳು ಇದನ್ನೆಲ್ಲ ಉಸಿರು ಬಿಡದೆ ಹೇಳಿದಳು. ಟೈರ್ ಅಂಗಡಿಯಿಂದ ಬಂದು ಕೈ ತೊಳೆದರೂ ಉಗುರ ಸಂದಿಯ ಕಪ್ಪು ಹೋಗದ ಗಂಡ, ಇನ್ನು ಮನೆಯಲ್ಲಿ ಗಿಣಿಗಳು ಎರಡಾಗುತ್ತವೆ, ತಾನು ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕಷ್ಟೇ ಎಂದು ಗೇಲಿ ಮಾಡಿದ. ಚೋಟಿ ಕೈತಟ್ಟಿ ಕುಣಿದಳು. ಒಳಗಿನ ಕೋಣೆಯ ಬಾಗಿಲಲ್ಲಿ ನಿಂತಿದ್ದ ನಾದಿನಿ ಕೂಡ ನಕ್ಕಳು. ಅವಳು ಆ ಮನೆಗೆ ಬಂದ ಮೇಲೆ ನಕ್ಕದ್ದೇ ಅಪರೂಪ.

ನಗದೇ ಇದ್ದವಳು ಅವಳ ಅಮ್ಮ ಒಬ್ಬಳೇ. ಪಕ್ಕದ ಓಣಿಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದ ಅಮ್ಮ, ಮಗಳು ಅಂಗಡಿಗೆ ಹೋಗುವುದರಿಂದ ಮೊಮ್ಮಗಳನ್ನು ನೋಡಿಕೊಳ್ಳಲು ಬೆಳಿಗ್ಗೆ ಬಂದರೆ ಹೋಗುತ್ತಿದ್ದದ್ದು ಕತ್ತಲಾದ ಮೇಲೆಯೇ. ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟು, "ಬೇರೆ ಸೆಕ್ಷನ್‌ಗೆ ಹಾಕ್ಸು" ಎಂದಳು. ಯಾಕೆಂದು ಕೇಳಿದರೆ, ಆ ಟೀಚರ್‌ಗೆ ವಯಸ್ಸಾಯಿತು, ಪಾಠ ಏನು ಮಾಡ್ತಾಳೆ ಎಂದಳು. ಅವಳು ಕೇಳಿಯೂ ಕೇಳದಂತಿದ್ದಳು. ಅಮ್ಮನಿಗೆ ಯಾರನ್ನು ಕಂಡರೂ ಒಂದು ಕೊಂಕು ಇದ್ದೇ ಇರುತ್ತದೆ ಎಂದುಕೊಂಡಳು.

ನಾದಿನಿಯ ವಿಷಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಊರಿನ ಆ ತುದಿಯಲ್ಲಿ ವೈರಿಂಗ್ ಕೆಲಸ ಮಾಡುವವನಿಗೆ ಅವಳನ್ನು ಕೊಟ್ಟಿದ್ದರು. ಒಂದು ಬೆಳಿಗ್ಗೆ ಅವಳು ಮುರಿದ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅಣ್ಣನ ಬಾಗಿಲಿಗೆ ಬಂದಳು. ಕುತ್ತಿಗೆಯ ಮೇಲೆ ಬೆರಳಿನ ಗುರುತುಗಳಿದ್ದವು. ಇನ್ನೊಂದು ಸಲ ಅವನ ಕೈಗೆ ಸಿಕ್ಕರೆ ತಾನು ಉಳಿಯುವುದಿಲ್ಲ ಎಂದಷ್ಟೇ ಹೇಳಿ ಗೋಡೆಗೆ ಒರಗಿದಳು. ಅವನು ಹುಡುಕಿಕೊಂಡು ಬಂದಾಗ ಅಣ್ಣ ಬಾಗಿಲಲ್ಲೇ ನಿಂತು, ಇಲ್ಲಿಗೆ ಬಂದಿಲ್ಲ ಎಂದು ಕಳಿಸಿದ್ದ. ಅಂದಿನಿಂದ ಒಳಕೋಣೆಯ ಕಿಟಕಿ ತೆರೆಯಲಿಲ್ಲ; ಅವಳ ಬಟ್ಟೆ ಮನೆಯೊಳಗೇ ಒಣಗಿತು. ಯಾರಾದರೂ ಕೇಳಿದರೆ ಅತ್ತೆ ಇಲ್ಲಿಲ್ಲ ಅನ್ನಬೇಕೆಂದು ಚೋಟಿಗೂ ಹೇಳಿಕೊಟ್ಟಿದ್ದರು. ಚೋಟಿ ತನ್ನ ಬಾಯಿಗೆ ತಾನೇ ಬೀಗ ಹಾಕಿ, ಕೀಲಿ ಎಸೆದಂತೆ ಮಾಡಿ ತೋರಿಸಿದ್ದಳು.

ಹೊಸ ಟೀಚರ್ ಬಂದ ಮೇಲೆ ಚೋಟಿ ಬೆಳಿಗ್ಗೆ ತಾನಾಗಿಯೇ ಎದ್ದು ಜಡೆ ಹಾಕಿಸಿಕೊಳ್ಳಲು ಬಂದು ಕೂರತೊಡಗಿದಳು. ಟೀಚರ್ ಹಾಗಂದರು, ಟೀಚರ್ ಹೀಗಂದರು. ಅದನ್ನು ಕೇಳುವಾಗ ತಾಯಿಗೆ ತನ್ನನ್ನೇ ಮತ್ತೆ ನೋಡಿದಂತಾಗುತ್ತಿತ್ತು. ಮಗು ಅಡುಗೆಮನೆಯ ಬಾಗಿಲ ಹಿಂದೆ ಅಲ್ಲಾಡದೆ ನಿಂತಿರುವುದನ್ನು ಒಂದೆರಡು ಸಲ ಕಂಡಳು. ಏನು ಮಾಡ್ತಿದೀಯ ಎಂದರೆ ಏನಿಲ್ಲ ಎಂದು ಓಡಿಹೋಗುತ್ತಿತ್ತು. ಒಮ್ಮೆ ಗಂಡ ಹೆಂಡತಿ ಬಾಡಿಗೆ ವಿಷಯಕ್ಕೆ ಜಗಳವಾಡುವಾಗ ಚೋಟಿ ಎದುರಿಗೇ ಕುಳಿತು, ಇಬ್ಬರ ತುಟಿಗಳನ್ನೂ ಒಂದಾದ ಮೇಲೊಂದು ನೋಡುತ್ತಿದ್ದಳು, ಪದ್ಯ ಬಾಯಿಪಾಠ ಮಾಡುವವರ ಹಾಗೆ. ತಾಯಿ ಅದನ್ನು ಕಂಡಳು. ಜಗಳ ಅಲ್ಲಿಗೇ ನಿಂತಿತು.

ಅದೇ ಸುಮಾರಿಗೆ ಎದುರು ಸಾಲಿನ ದರ್ಜಿ ತನ್ನ ಕನ್ನಡಕದ ಸ್ಕ್ರೂ ಬಿಗಿಸಿಕೊಳ್ಳಲು ಬಂದ. ಅವನ ಮಗ ಚೋಟಿಯ ಪಕ್ಕದ ಡೆಸ್ಕಿನವನು. ದರ್ಜಿಯ ಮುಖ ಕಳೆಗೆಟ್ಟಿತ್ತು. ಒಡಹುಟ್ಟಿದ ತಮ್ಮ ಮನೆ ಬಿಟ್ಟು ಹೋದನಂತೆ. ಆ ತಮ್ಮನ ಬೆನ್ನ ಹಿಂದೆ, ಒಳಮನೆಯಲ್ಲಿ, ದರ್ಜಿ ತನ್ನ ಹೆಂಡತಿಯ ಹತ್ತಿರ ಮಾತ್ರ ಆಡಿದ ಮಾತು ಅದು ಹೇಗೋ ಅವನ ಕಿವಿಗೆ ಬಿತ್ತಂತೆ. "ನಮ್ಮನೆ ಗೋಡೆಗೆ ಕಿವಿ ಇದ್ದಂಗಿದೆ ಕಣಮ್ಮ," ಎಂದ ದರ್ಜಿ. "ನಮ್ಮ ಹುಡುಗನ ಟೀಚರ್ ಪಾಪ, ಭಾನುವಾರ ಬಂದು ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳೋಕೆ ನೋಡಿದ್ರು. ಆಗ್ಲೇ ಎಲ್ಲ ಕೆಟ್ಟೋಯ್ತು."

ಅವಳ ಕೈಯಿಂದ ಸ್ಕ್ರೂ ಜಾರಿ ನೆಲಕ್ಕೆ ಬಿತ್ತು. ಮಾಲೀಕನೂ ಅವಳೂ ಮಂಡಿಯೂರಿ ಹುಡುಕಿದರು. ಅದು ಸಿಗಲಿಲ್ಲ.

ಮನೆಗೆ ಹೋದಾಗ ಅಮ್ಮ ಚೋಟಿಯ ಕಾಲು ತೊಳೆಸುತ್ತಿದ್ದಳು. ಮಗು ಹಾಡುವ ಹಾಗೆ ಹೇಳಿತು: "ಅತ್ತೆ ಕೈ ಬೇಗ ವಾಸಿಯಾಗತ್ತಂತೆ. ಟೀಚರ್ ಹೇಳಿದ್ರು."

ಅವಳು ಮಗುವಿನ ಎದುರು ಕುಕ್ಕರಿಸಿದಳು. ದನಿ ಏರಿಸದೆ, ಟೀಚರ್‌ಗೆ ಅತ್ತೆಯ ಕೈ ವಿಷಯ ಯಾರು ಹೇಳಿದ್ದು ಎಂದು ಕೇಳಿದಳು. ಚೋಟಿ ಹೆಮ್ಮೆಯಿಂದ ಮುಖ ಎತ್ತಿದಳು. ನಿನ್ನೆ ಸ್ಟೂಲಿನ ಸರದಿ ತನ್ನದಾಗಿತ್ತಂತೆ. ಬೀಗ ಇರುವುದು ಬೇರೆಯವರಿಗೆ, ಟೀಚರ್ ಕಿವಿಗೆ ಬೀಗ ಇಲ್ಲವಂತೆ. ಹಾಗಂತ ಟೀಚರೇ ಹೇಳಿದರಂತೆ.

ಅಮ್ಮ ತಂಬಿಗೆಯನ್ನು ಕೆಳಗಿಟ್ಟಳು. ಮಗುವನ್ನು ಹೊರಗೆ ಆಡಲು ಕಳಿಸಿ, ಬಚ್ಚಲ ಕಟ್ಟೆಯ ಮೇಲೆಯೇ ಕುಳಿತಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದಳು, ಕೈ ಒಣಗಿದ ಮೇಲೂ.

"ನಿಮ್ಮಪ್ಪನಿಗೆ ಮೂರ್ಛೆ ಬರ್ತಿತ್ತು," ಎಂದಳು. "ನಿನಗೆ ನೆನಪಿದೆಯಾ?"

ಅವಳಿಗೆ ನೆನಪಿತ್ತು. ಅಪ್ಪ ಒಂದು ದಿನ ಹಜಾರದಲ್ಲಿ ಬಿದ್ದು ಒದ್ದಾಡಿದ್ದು, ಬಾಯಲ್ಲಿ ನೊರೆ, ಅಮ್ಮ ಬಾಗಿಲು ಹಾಕಿ ಚಿಲಕ ಸರಿಸಿದ್ದು. ಅಪ್ಪ ಬಸ್ ಓಡಿಸುತ್ತಿದ್ದ. ಆಮೇಲೆ ಆ ಕೆಲಸ ಹೋಯಿತು. ಬೇರೆ ಊರಿನಲ್ಲಿ ಗೋದಾಮು ಕಾಯಲು ಹೋದ. ಮೊದಲು ವಾರಕ್ಕೊಮ್ಮೆ ಬರುತ್ತಿದ್ದ, ಆಮೇಲೆ ಯಾವಾಗಲೋ ಒಮ್ಮೆ, ಆಮೇಲೆ ಬರಲೇ ಇಲ್ಲ. ಇವೆಲ್ಲ ಅವಳಿಗೆ ಬಿಡಿ ಬಿಡಿಯಾಗಿ ಗೊತ್ತಿತ್ತು. ಒಂದಕ್ಕೊಂದು ಗಂಟು ಹಾಕಿ ನೋಡಿರಲಿಲ್ಲ.

ಬಸ್ ಡಿಪೋ ಮ್ಯಾನೇಜರನ ಹೆಂಡತಿಗೆ ಈ ಮೂರ್ಛೆಯ ವಿಷಯ ಹೇಳಿದ್ದು ಟೀಚರ್ ಎಂದಳು ಅಮ್ಮ. ಹೇಳಿದ ಮೇಲೆ ಮನೆಗೂ ಬಂದು, ತಾನೇ ಹೇಳಿದೆ, ನಿಮ್ಮ ಒಳ್ಳೆಯದಕ್ಕೇ ಹೇಳಿದೆ ಎಂದು ಅಮ್ಮನ ಕೈ ಸವರಿ ಹೋದರಂತೆ.

"ನನಗ್ಯಾಕೆ ಹೇಳ್ಲಿಲ್ಲಮ್ಮ?"

"ಏನಂತ ಹೇಳಲಿ? ನಿಮ್ಮಪ್ಪನ ಕೆಲಸ ನಿನ್ನ ಬಾಯಿಂದ ಹೋಯ್ತು ಅಂತಾನಾ? ನಿನಗಾಗ ಮುಂದಿನ ಹಲ್ಲೂ ಬಂದಿರಲಿಲ್ಲ." ಅಮ್ಮ ಎದ್ದಳು. "ಅದು ಹಾಳಾಗಲಿ. ಈಗ ಒಳಗಿರೋ ಆ ಹುಡುಗಿನ ನೋಡು."

ಸಿದ್ಧವಾಗಿದ್ದ ಹೊಸ ಕನ್ನಡಕ ಅಂಗಡಿಯಲ್ಲೇ ಇತ್ತು. ಮರುದಿನ ಸಂಜೆ ಅದನ್ನು ನೆಪ ಮಾಡಿಕೊಂಡು ಅವಳು ಟೀಚರ್ ಮನೆಗೆ ಹೋದಳು. ಪೇಪರ್, ಪೆನ್ಸಿಲ್ ಮಾರುವ ಅಂಗಡಿಯ ಮೇಲಿನ ಮಹಡಿ. ಕಡಿದಾದ ಮೆಟ್ಟಿಲು ಹತ್ತಿದರೆ ಒಂದೇ ಉದ್ದನೆಯ ಕೋಣೆ. ಗೋಡೆಯ ತುಂಬ ತರಗತಿಗಳ ಗುಂಪು ಫೋಟೋಗಳು, ಪ್ರತಿಯೊಂದರ ನಡುವೆ ಟೀಚರ್. ಅಷ್ಟು ಮಕ್ಕಳು ಒಟ್ಟಿಗೆ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಅವಳು ಕುರ್ಚಿಯ ತುದಿಯಲ್ಲಿ ಕುಳಿತಳು. ಟೀಚರ್ ಚಹಾ ತಂದರು. ಕನ್ನಡಕ ಹಾಕಿಕೊಂಡು ಗೋಡೆಯತ್ತ ತಿರುಗಿ, ಈಗ ಎಲ್ಲರ ಮುಖ ಕಾಣುತ್ತದೆ ಎಂದು ಸಂತೋಷಪಟ್ಟರು. ಅವರ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಸರಿಯಾಗಿ ಕೂತಿರಲಿಲ್ಲ. ಅವಳ ಕೈ ತಾನಾಗಿಯೇ ಮುಂದೆ ಹೋಗಿ, ಅದನ್ನು ತೆಗೆದು, ಬಗ್ಗಿಸಿ, ಮತ್ತೆ ಹಾಕಿತು. ಅದೇ ಪೌಡರಿನ ವಾಸನೆ.

ಅವಳು ಸುತ್ತುಬಳಸಿ ಮಾತಾಡಲಿಲ್ಲ. ಚೋಟಿ ಹೇಳಿದ್ದು ಮಗುವಿನ ಮಾತು, ಯಾರ ಹತ್ತಿರವೂ ಆಡಬೇಡಿ, ಒಂದು ಜೀವದ ಪ್ರಶ್ನೆ ಎಂದು ಕೈ ಮುಗಿದು ಕೇಳಿದಳು.

ಟೀಚರ್ ಎಂದಿನಂತೆ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಆಮೇಲೆ ಎದ್ದು ಹೋಗಿ ಒಂದು ಫೋಟೋದ ಮೇಲೆ ಬೆರಳಿಟ್ಟರು. ಎರಡನೇ ಸಾಲಿನಲ್ಲಿ ದೊಡ್ಡ ಕಾಲರಿನ ಸಣ್ಣ ಹುಡುಗ, ಕ್ಯಾಮೆರಾ ನೋಡದೆ ಟೀಚರನ್ನೇ ನೋಡುತ್ತಿದ್ದ.

"ಇವನೇ ನಿನ್ನ ನಾದಿನಿ ಗಂಡ. ಅವನೂ ನನ್ನ ಹುಡುಗನೇ ಗಿಣಿ. ಎಷ್ಟು ಮೆತ್ತಗಿದ್ದ ಗೊತ್ತಾ? ಅವರಪ್ಪ ಬೆಲ್ಟಲ್ಲಿ ಹೊಡೀತಿದ್ದ. ಎಲ್ಲಾ ನನಗೆ ಬಂದು ಹೇಳ್ತಿದ್ದ."

"ನೀವು ಅದನ್ನ ಯಾರಿಗೆ ಹೇಳಿದ್ರಿ ಟೀಚರ್?"

"ಅವರಪ್ಪನಿಗೇ ಹೇಳ್ದೆ. ಮಗು ಹೀಗಂತಾನೆ, ಹೊಡೀಬೇಡಿ ಅಂತ."

"ಆಮೇಲೆ?"

ಟೀಚರ್ ಫೋಟೋದ ಗಾಜನ್ನು ಸೆರಗಿನಿಂದ ಒರೆಸಿದರು. "ಆಮೇಲೆ ಅವನು ಸ್ಟೂಲ್ ಮೇಲೆ ಕೂತ್ರೂ ಮಾತಾಡ್ತಿರ್ಲಿಲ್ಲ. ಏನೂ ಆಗಿಲ್ಲ ಟೀಚರ್ ಅಂತಿದ್ದ. ಅಂದ್ರೆ ಸರಿ ಹೋಯ್ತು ಅಂತ ತಾನೇ."

ಅವಳು ಚಹಾದ ಲೋಟವನ್ನು ದೂರ ಸರಿಸಿದಳು. ತನ್ನಪ್ಪನ ವಿಷಯ ಎತ್ತಬಾರದು ಎಂದುಕೊಂಡು ಬಂದಿದ್ದಳು, ಆದರೆ ಬಾಯಿ ತಡೆಯಲಿಲ್ಲ. ನಮ್ಮ ಮನೆ ಒಡೆದದ್ದು ನಿಮ್ಮಿಂದ ಎಂದಳು. ಟೀಚರ್ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

"ನಿಮ್ಮಪ್ಪನ ಬಸ್ಸಲ್ಲೇ ನನ್ನ ಕ್ಲಾಸಿನ ಅರ್ಧ ಮಕ್ಕಳು ಬರ್ತಿದ್ರು. ನೀನಾಗಿದ್ರೆ ಏನು ಮಾಡ್ತಿದ್ದೆ?"

ಆ ಬಸ್ಸು ಅವಳ ಕಣ್ಣ ಮುಂದೆ ಬಂತು, ಕಿಟಕಿಗಳಲ್ಲಿ ಮಕ್ಕಳ ಮುಖ, ಸ್ಟಿಯರಿಂಗ್ ಹಿಡಿದ ಅಪ್ಪ. ಅದು ಸುಳ್ಳಲ್ಲ. ಅದು ಸುಳ್ಳಾಗಿದ್ದರೆ ಈ ಹೆಂಗಸನ್ನು ದ್ವೇಷಿಸುವುದು ಎಷ್ಟು ಸುಲಭವಾಗಿರುತ್ತಿತ್ತು.

"ನಿನ್ನ ನಾದಿನಿ ಗಂಡ ನಿನ್ನೆ ಇಲ್ಲೇ ಬಂದಿದ್ದ," ಎಂದರು ಟೀಚರ್, ಅವಳು ಕೂತ ಕುರ್ಚಿಯನ್ನು ತೋರಿಸಿ. "ಇದೇ ಕುರ್ಚೀಲಿ ಕೂತು ಮಕ್ಕಳ ಥರ ಅತ್ತ. ಗಂಡ ಹೆಂಡ್ತಿ ಎದುರುಬದುರು ಕೂತು ಮಾತಾಡಿದ್ರೆ ಬಗೆಹರಿಯದ್ದು ಯಾವುದಿದೆ? ಅಂಗಡಿ ಮುಚ್ಚೋ ಹೊತ್ತಿಗೆ ನಿಮ್ಮನೆಗೆ ಹೋಗು, ತಾಳ್ಮೆಯಿಂದ ಮಾತಾಡು ಅಂದಿದೀನಿ. ಇಷ್ಟೊತ್ತಿಗೆ ಹೊರಟಿರ್ತಾನೆ."

ಅವಳು ಮೆಟ್ಟಿಲು ಹೇಗೆ ಇಳಿದಳೋ ಅವಳಿಗೇ ತಿಳಿಯಲಿಲ್ಲ. ಮೇಲಿನಿಂದ ಟೀಚರ್, ನಿಧಾನ, ಬೀಳ್ತೀಯಾ ಎನ್ನುತ್ತಿದ್ದರು. ಬೀದಿ ತುಂಬ ಮನೆಗೆ ಹೋಗುವ ಜನ. ಶಟರ್ ಎಳೆಯುವ ಸದ್ದು ಒಂದೊಂದಾಗಿ ಕೇಳುತ್ತಿತ್ತು, ಯಾರೋ ತನಗಿಂತ ಮುಂದೆ ಮುಂದೆ ಓಡುತ್ತಾ ಬಾಗಿಲುಗಳನ್ನು ಮುಚ್ಚುತ್ತಿರುವ ಹಾಗೆ. ಗಂಡನಿಗೆ ಫೋನ್ ಮಾಡಿದಳು. ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಗದ್ದಲದಲ್ಲಿ ಅವನಿಗೆ ಅರ್ಧ ಕೇಳಿಸಿತೋ ಇಲ್ಲವೋ, ಬರ್ತೀನಿ ಎಂದ.

ಮನೆಯ ಬಾಗಿಲು ಹಾರು ಹೊಡೆದಿತ್ತು. ಹಜಾರದ ಕುರ್ಚಿಯಲ್ಲಿ ನಾದಿನಿಯ ಗಂಡ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಅವಳಿಗಿಂತ ಸ್ವಲ್ಪ ಮುಂಚೆ ಬಂದಿದ್ದ ಗಂಡ ಒಳಕೋಣೆಯ ಬಾಗಿಲಿಗೆ ಅಡ್ಡವಾಗಿ ನಿಂತು ಏದುಸಿರು ಬಿಡುತ್ತಿದ್ದ. ಅವನ ಕೈಯಲ್ಲಿ ಟೈರ್ ಬಿಚ್ಚುವ ಕಬ್ಬಿಣ ಇತ್ತು, ತಂದದ್ದು ಅವನಿಗೂ ಗೊತ್ತಿರಲಿಲ್ಲವೇನೋ. ಆದರೆ ಆ ಕೋಣೆ ಖಾಲಿಯಾಗಿತ್ತು. ಅವಳಿಗೆ ಅದು ಬಾಗಿಲ ಸಂದಿಯಿಂದಲೇ ಕಂಡಿತು. ಹಾಸಿಗೆ ಮಡಚಿತ್ತು. ಮೊಳೆಗೆ ನೇತು ಹಾಕಿದ್ದ ಚೀಲ ಇರಲಿಲ್ಲ.

"ಕೂತ್ಕೊಳ್ಳಿ ಅಕ್ಕಾ," ಎಂದ ಅವನು. "ಭಾವನಿಗೂ ಹೇಳ್ದೆ, ಜಗಳಕ್ಕೆ ಬಂದಿಲ್ಲ. ಕರ್ಕೊಂಡು ಹೋಗೋಕೆ ಬಂದಿದೀನಿ."

ಇಲ್ಲಿ ಯಾರೂ ಇಲ್ಲ, ಎದ್ದು ಹೋಗು ಎಂದ ಗಂಡ. ಅವನು ಏಳಲಿಲ್ಲ. ಕುರ್ಚಿಯ ಪಕ್ಕ ನೆಲದ ಮೇಲೆ ಚೋಟಿ ಕೂತು ಬಣ್ಣ ತುಂಬುತ್ತಿದ್ದಳು. ಅವನು ಬಾಗಿ, ಕಿವಿಯನ್ನು ಮಗುವಿನ ಬಾಯಿಯ ಹತ್ತಿರ ತಂದ. ಕಣ್ಣು ಮುಚ್ಚಿಕೊಂಡ.

"ಅತ್ತೆ ಎಲ್ಲಿ ಪುಟ್ಟಾ? ಮಾವನ ಕಿವಿಗೆ ಮಾತ್ರ ಹೇಳು."

ಚೋಟಿಯ ಮುಖ ಅರಳಿತು. ಅವಳಿಗೆ ಗೊತ್ತಿದ್ದ ಆಟ ಅದು. "ಅಜ್ಜಿ ಜೊತೆ ಹೋದ್ರು. ಅಮ್ಮ ಬರೋವರೆಗೂ ಬಣ್ಣ ತುಂಬ್ತಿರು ಅಂದ್ರು," ಎಂದಳು ತಟ್ಟನೆ.

"ಎಲ್ಲಿಗೆ?"

ಅವಳು ಮಗುವಿನ ಕಡೆ ಹೆಜ್ಜೆ ಎತ್ತಿಟ್ಟಳು. ಬಾಯಿ ಮುಚ್ಚುವಷ್ಟು ಹತ್ತಿರವಿರಲಿಲ್ಲ. ಚೋಟಿ ಯೋಚಿಸಿ, ಆಮೇಲೆ ತುಟಿ ಮುಂದೆ ಮಾಡಿದಳು. "ನನಗೆ ಹೇಳ್ಲೇ ಇಲ್ಲ. ಎಷ್ಟ್ ಕೇಳಿದ್ರೂ ಅಜ್ಜಿ ಹೇಳ್ಲಿಲ್ಲ."

ಅವನು ಕಣ್ಣು ತೆರೆದ. ಮಗುವಿನ ಮುಖವನ್ನು ಬಹಳ ಹೊತ್ತು ನೋಡಿ, ಅದು ಸುಳ್ಳು ಹೇಳುತ್ತಿಲ್ಲವೆಂದು ಖಚಿತ ಮಾಡಿಕೊಂಡು ಎದ್ದ. ಬಾಗಿಲ ಹೊರಗೆ ಬಿಟ್ಟಿದ್ದ ಚಪ್ಪಲಿಗಳನ್ನು ಒಂದೊಂದಾಗಿ ಮೆಟ್ಟಿಕೊಂಡ. "ತಾಳ್ಮೆ ಇರಲಿ ಅಂತ ಟೀಚರ್ ಹೇಳಿದಾರೆ," ಎಂದ. "ಇದೆ ನನಗೆ."

ಅಮ್ಮ ಕೆಲವು ದಿನ ಬಿಟ್ಟು ಒಬ್ಬಳೇ ಬಂದಳು. ಯಾವ ಊರು, ಯಾರ ಮನೆ ಎಂದು ಮಗಳಿಗೂ ಹೇಳಲಿಲ್ಲ, ಅಳಿಯನಿಗೂ ಹೇಳಲಿಲ್ಲ. ಅವಳು ಚೆನ್ನಾಗಿದಾಳೆ, ಉಣ್ತಿದಾಳೆ, ಅಷ್ಟು ಸಾಕು ಎಂದಳು. ಒಡಹುಟ್ಟಿದ ಅಣ್ಣನಿಗೂ ಹೇಳಬಾರದೇ ಎಂದು ಅಳಿಯ ಸಿಡಿದಾಗ, ಹೇಳಿದರೆ ಅವನು ನಿನ್ನ ಮುಖ ನೋಡಿದರೇ ತಿಳ್ಕೊಳ್ತಾನೆ ಎಂದು ಅಡುಗೆಮನೆಗೆ ಹೋದಳು.

ವೈರಿಂಗಿನವನು ಈಗ ಕನ್ನಡಕದ ಅಂಗಡಿಯ ಎದುರಿನ ಕಟ್ಟಡದಲ್ಲಿ ಕೆಲಸ ಹಿಡಿದಿದ್ದ. ಏಣಿಯ ಮೇಲೆ ನಿಂತು ತಂತಿ ಎಳೆಯುತ್ತಾ ಅವಳು ಬರುವುದನ್ನೂ ಹೋಗುವುದನ್ನೂ ನೋಡುತ್ತಿದ್ದ. ಒಂದು ಕೆಟ್ಟ ಮಾತಾಡಿದವನಲ್ಲ. ಎದುರಾದರೆ ಚೆನ್ನಾಗಿದೀರಾ ಅಕ್ಕಾ ಎನ್ನುತ್ತಿದ್ದ. ಪೊಲೀಸರಿಗೆ ಹೇಳಿದರೆ, ಕೆಲಸ ಮಾಡುವವನನ್ನು ಮಾಡಬೇಡ ಎನ್ನಲು ಬರುತ್ತದೆಯೇ ಎಂದರು. ಕಟ್ಟಡ ದೊಡ್ಡದು, ಮಹಡಿಗಳು ಏಳುತ್ತಲೇ ಇದ್ದವು.

ಅವಳು ಚೋಟಿಯನ್ನು ಶಾಲೆ ಬಿಡಿಸಿದಳು. ಮಿಕ್ಕ ತಾಯಂದಿರಿಗೆ ಹೇಳಲು ಹೋದಾಗ ಅವರು ಅವಳನ್ನೇ ಅನುಮಾನದಿಂದ ನೋಡಿದರು. ಅಂಥ ದೇವರಂಥ ಟೀಚರ್ ಮೇಲೆ ಏನು ಮಾತು ಇದು ಎಂದರು. ಎದುರು ಸಾಲಿನ ದರ್ಜಿ ಮಾತ್ರ ತಲೆ ತಗ್ಗಿಸಿಕೊಂಡು ಹೊಲಿಯುತ್ತಲೇ ಇದ್ದ. ಮರುದಿನ ಅವನ ಮಗನೂ ಅದೇ ಶಾಲೆಗೆ ಹೋಗುವುದು ಕಾಣಿಸಿತು.

ಚೋಟಿ ಅತ್ತಳು, ಊಟ ಬಿಟ್ಟಳು, ನೆಲಕ್ಕೆ ಬಿದ್ದು ಹೊರಳಾಡಿದಳು. ತಾನು ಮಾಡಿದ ತಪ್ಪೇನು ಎಂದು ಕೇಳಿದಳು. ನೀನೇನೂ ತಪ್ಪು ಮಾಡಿಲ್ಲ ಎಂದು ಅವಳು ಎಷ್ಟು ಸಲ ಹೇಳಿದರೂ, ಮತ್ಯಾಕೆ ಟೀಚರ್ ಹತ್ತಿರ ಬಿಡಲ್ಲ ಎನ್ನುತ್ತಿತ್ತು ಮಗು. ಆಮೇಲೆ ಅಳು ನಿಂತಿತು. ಅಳುವುದನ್ನು ನಿಲ್ಲಿಸಿದ್ದು ಒಳ್ಳೆಯದೆಂದು ಗಂಡ ಅಂದುಕೊಂಡ.

ಹೊಸ ಶಾಲೆ ಮಾರುಕಟ್ಟೆಯ ಆಚೆ ಇತ್ತು. ಅಲ್ಲಿನ ಟೀಚರ್ ಇನ್ನೂ ಚಿಕ್ಕ ವಯಸ್ಸಿನವಳು. ಗಟ್ಟಿಯಾಗಿ ಮಗ್ಗಿ ಹೇಳಿಸುತ್ತಿದ್ದಳು, ಹೆಸರು ತಪ್ಪಾಗಿ ಕರೆಯುತ್ತಿದ್ದಳು, ಗಂಟೆ ಹೊಡೆದರೆ ಮಕ್ಕಳಿಗಿಂತ ಮುಂಚೆ ಚೀಲ ಹೆಗಲಿಗೇರಿಸಿಕೊಳ್ಳುತ್ತಿದ್ದಳು. ಅಷ್ಟು ಸಾಕು ಅನ್ನಿಸಿತು ಅವಳಿಗೆ. ಮೊದಲ ವಾರ ಅಂಗಡಿಯಿಂದ ಬೇಗ ಬಿಡುವು ಕೇಳಿಕೊಂಡು ತಾನೇ ಕರೆತರಲು ಹೋದಳು. ಚೋಟಿ ಗೇಟಿನಿಂದ ಹೊರಗೆ ಬಂದು ಅಮ್ಮನ ಕೈ ಹಿಡಿಯದೆ ಪಕ್ಕದಲ್ಲಿ ನಡೆದಳು. ತರಕಾರಿ ಗಾಡಿಗಳ ನಡುವೆ ಇಬ್ಬರೂ ಬಹಳ ದೂರ ಬಂದರು. ಅವಳು ಬಾಗಿ, ಮಗಳ ಕೆನ್ನೆಗೆ ಅಂಟಿದ ಕೂದಲನ್ನು ಸರಿಸಿ ಕೇಳಿದಳು.

"ಇವತ್ತು ಸ್ಕೂಲಲ್ಲಿ ಏನೇನಾಯ್ತು ಮರಿ?"

ಚೋಟಿ ನಿಂತಳು. ಅಮ್ಮನ ಮುಖವನ್ನೂ, ತನ್ನ ಬಾಯಿಯ ಹತ್ತಿರ ಬಂದ ಅಮ್ಮನ ಕಿವಿಯನ್ನೂ ನೋಡಿದಳು.

"ಯಾಕೆ ಕೇಳ್ತೀಯ?" ಎಂದಳು. "ಯಾರಿಗೆ ಹೇಳ್ತೀಯ?"